ಚಾಲು ಅಂದರೆ ಸಾಕು

ಎದುರಿಗೆ ಬಂದವರ ಮುಖ ನೋಡುವುದು ಎಲ್ಲರ ರೂಢಿ. ನಾನು ಮಾತ್ರ ದಾಟಿಹೋದವರ ಸೊಂಟ ನೋಡುತ್ತೇನೆ. ಕೆಟ್ಟ ಬುದ್ಧಿಯಿಂದಲ್ಲ, ಕಸುಬಿನ ಚಟ. ಜೀನ್ಸ್ ಪ್ಯಾಂಟಿನ ಹಿಂದೆ, ಬೆಲ್ಟಿನ ಪಟ್ಟಿಯ ಬಲಗಡೆ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಚರ್ಮದ ತುಂಡೊಂದನ್ನು ಹೊಲಿದಿರುತ್ತಾರಲ್ಲ, ಅದಕ್ಕೆ ನಾವು ಪ್ಯಾಚ್ ಎನ್ನುತ್ತೇವೆ. ಅದರ ನಾಲ್ಕೂ ಮೂಲೆ ಚೊಕ್ಕವಾಗಿ ತುಂಡಾಗಿವೆಯೋ, ಯಾವುದಾದರೂ ಮೂಲೆಯಲ್ಲಿ ನಾರು ಎದ್ದಿದೆಯೋ ಎಂದು ಕಣ್ಣು ತಾನಾಗಿಯೇ ಹುಡುಕುತ್ತದೆ. ನಾರು ಎದ್ದಿದ್ದರೆ, ಅದನ್ನು ಕತ್ತರಿಸಿದವನ ಪ್ರೆಸ್ಸಿನ ಹಲಗೆ ತಗ್ಗು ಬಿದ್ದಿದೆ ಎಂದು ಲೆಕ್ಕ. ಅಂಥದೊಂದು ಕಂಡ ದಿನ ನನಗೆ ಊಟ ಸೇರುವುದಿಲ್ಲ.

ರಾಯದುರ್ಗದ ಬೆಟ್ಟದ ಬುಡದ ಓಣಿಯೊಂದರಲ್ಲಿ ನಮ್ಮ ಜೀನ್ಸ್ ಘಟಕ ಇತ್ತು. ಕೆಳಗೆ ಬಟ್ಟೆ ಕತ್ತರಿಸುವ ಜಾಗ, ಮಹಡಿಯ ಮೇಲೆ ಹೊಲಿಗೆಯ ಲೈನು. ಪ್ಯಾಚುಗಳು ಮೊದಲು ಬಳ್ಳಾರಿಯಿಂದ ಬರುತ್ತಿದ್ದವು. ಬಂದರೆ ಬಂದವು, ಬರದಿದ್ದರೆ ಹೊಲಿದು ಮುಗಿದ ಪ್ಯಾಂಟುಗಳು ಗುಡ್ಡೆ ಬಿದ್ದು ಕಾಯುತ್ತಿದ್ದವು. ಇದರಿಂದ ಬೇಸತ್ತ ನಮ್ಮ ಸಾವ್ಕಾರರು ಮುಚ್ಚಿಹೋದ ಚಪ್ಪಲಿ ಕಾರ್ಖಾನೆಯೊಂದರಿಂದ ಹಳೆಯ ಕೈ ಪ್ರೆಸ್ಸನ್ನು ತಂದು ಕೆಳಗಿನ ಮೂಲೆಯಲ್ಲಿ ಇಳಿಸಿದರು. ಚಪ್ಪಲಿಯವರು ಅದನ್ನು ಕ್ಲಿಕ್ಕರ್ ಎನ್ನುತ್ತಿದ್ದರಂತೆ, ನಮ್ಮ ಬಾಯಲ್ಲಿ ಅದು ಬರೀ ಪ್ರೆಸ್ ಆಯಿತು. ಅದಕ್ಕೆ ಕರೆಂಟು ಬೇಡ. ಕರೆಂಟು ಯಾವಾಗ ಹೋಗುತ್ತದೆಂದು ಯಾರೂ ಹೇಳಲಾಗದ ಆ ಕಾಲದಲ್ಲಿ ಅದೇ ಅದರ ದೊಡ್ಡ ಗುಣ. ನಾನು ಗುಮ್ಮಘಟ್ಟದ ಕಡೆಯವನು. ಹಿಂದೆ ಲಾರಿ ಪಂಚರ್ ಅಂಗಡಿಯಲ್ಲಿದ್ದೆ, ಜಾಕ್ ಬಿಚ್ಚಿ ಜೋಡಿಸುವುದು ಗೊತ್ತಿತ್ತು. ಆ ಒಂದು ಕಾರಣಕ್ಕೆ ಪ್ರೆಸ್ ನನ್ನ ಪಾಲಿಗೆ ಬಂತು.

ದೊಡ್ಡ ಯಂತ್ರವೇನಲ್ಲ. ನಾಲ್ಕು ಕಬ್ಬಿಣದ ಕಂಬ. ಮೇಲೆ ಅಲ್ಲಾಡದ ದಪ್ಪ ಪ್ಲೇಟು, ಕೆಳಗೆ ಕಂಬಗಳ ಗುಂಟ ಏರಿ ಇಳಿಯುವ ಇನ್ನೊಂದು ಪ್ಲೇಟು. ಆ ಕೆಳಪ್ಲೇಟನ್ನು ಎತ್ತುವುದು ಲಾರಿಯ ಚಕ್ರ ಎತ್ತುವಂಥದೇ ಎಣ್ಣೆಯ ಜಾಕ್. ಕೆಳಪ್ಲೇಟಿನ ಮೇಲೆ ನೈಲಾನ್ ಹಲಗೆ, ಹಲಗೆಯ ಮೇಲೆ ಚರ್ಮ, ಚರ್ಮದ ಮೇಲೆ ಡೈ. ಡೈ ಅಂದರೆ ಪ್ಯಾಚಿನ ಅಳತೆಗೆ ಬಗ್ಗಿಸಿ ಬೆಸುಗೆ ಹಾಕಿದ ಉಕ್ಕಿನ ಪಟ್ಟಿ, ಕೆಳ ಅಂಚು ಬ್ಲೇಡಿನಷ್ಟು ಹರಿತ. ಪಕ್ಕದಲ್ಲಿ ನಿಂತು ಜಾಕಿನ ಹಿಡಿಕೆಯನ್ನು ಒತ್ತುತ್ತ ಹೋದರೆ ಪ್ಲೇಟು ಮೇಲೇಳುತ್ತದೆ, ಡೈಯ ತಲೆ ಮೇಲಿನ ಪ್ಲೇಟಿಗೆ ತಾಗುತ್ತದೆ. ಆಮೇಲೆ ಮೈಭಾರ ಹಾಕಿ ಇನ್ನೆರಡು ಸಲ ಒತ್ತಿದರೆ ಟಕ್ಕೆಂದು ಚರ್ಮ ತುಂಡಾಗುತ್ತದೆ. ಜಾಕಿನ ಬುಡದ ವಾಲ್ವನ್ನು ಸಡಿಲಿಸಿದರೆ ಎರಡು ಬದಿಯ ಸ್ಪ್ರಿಂಗುಗಳು ಪ್ಲೇಟನ್ನು ಕೆಳಕ್ಕೆಳೆಯುತ್ತವೆ.

ಈ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಎದುರಿಗೆ ಕೂತು ಚರ್ಮ ಸರಿಸಿ ಡೈ ಇಡಬೇಕು, ಇನ್ನೊಬ್ಬರು ಪಕ್ಕದಲ್ಲಿ ಹಿಡಿಕೆ ಒತ್ತಬೇಕು. ಹಿಡಿಕೆಯ ಕಡೆ ನಿಂತವನಿಗೆ ಕಂಬ ಅಡ್ಡ ಬಂದು ಎದುರಿನವರ ಕೈ ಕಾಣುವುದಿಲ್ಲ, ಮುಖ ಮಾತ್ರ ಕಾಣುತ್ತದೆ. ಹಾಗಾಗಿ ಒಂದು ಮಾತು ಬೇಕಾಯಿತು. ಕೈ ಹಿಂದಕ್ಕೆ ತೆಗೆದಾಯಿತು, ಇನ್ನು ಜೋರಾಗಿ ಒತ್ತು ಎಂದು ಹೇಳಲು ನಾನು ಗೊತ್ತು ಮಾಡಿದ ಮಾತು 'ಚಾಲು'. ನಮ್ಮ ಕಡೆ ಮೋಟರು ಓಡಿದರೂ ಚಾಲು, ರಜೆ ಮುಗಿದು ಸಾಲಿ ತೆರೆದರೂ ಚಾಲು. ಹೋದ ಕರೆಂಟು ಬಂದಾಗ ಮಹಡಿಯ ಮೇಲಿನ ಹೆಂಗಸರೆಲ್ಲ ಒಟ್ಟಿಗೆ 'ಚಾಲೂ' ಎಂದು ಕೂಗುತ್ತಿದ್ದರು. ಅದಕ್ಕಿಂತ ಸುಲಭದ ಮಾತು ನನಗೆ ತೋಚಲಿಲ್ಲ.

ಮೊದಲು ನನ್ನ ಜೊತೆಗಿದ್ದವರು ಊರಿನವರೇ, ವಯಸ್ಸಾಗಿ ಬಿಟ್ಟುಹೋದರು. ಅವರ ಜಾಗಕ್ಕೆ ಬಂದವಳು ಮಡಕಶಿರಾ ಆಚೆಯ ಅಮರಾಪುರದ ಕಡೆಯ ಹೆಂಗಸು. ಗಂಡ ಬಳ್ಳಾರಿಯಲ್ಲಿ ಜೀನ್ಸ್ ತೊಳೆಯುವ ಕಡೆ ಕೆಲಸಕ್ಕಿದ್ದ, ಈಕೆ ರಾಯದುರ್ಗದಲ್ಲಿ ತನ್ನ ಊರಿನ ಇಬ್ಬರ ಜೊತೆ ಕೋಣೆ ಮಾಡಿಕೊಂಡಿದ್ದಳು. ಘಟಕದಲ್ಲಿ ಯಾರೂ ಅವಳ ಹೆಸರು ಕರೆಯುತ್ತಿರಲಿಲ್ಲ, ಎಲ್ಲರಿಗೂ ಅವಳು 'ಅಮರಾಪುರ'. ಅವಳು ಬಂದದ್ದು ಹೊಲಿಗೆ ಲೈನಿಗೆ. ಲೈನಿನಲ್ಲಿ ಮಿಷನ್ ಖಾಲಿ ಇರಲಿಲ್ಲ. ಅಲ್ಲಿಯವರೆಗೆ ಪ್ರೆಸ್ಸಿನ ಹತ್ತಿರ ಕೂತಿರು, ಮಿಷನ್ ಖಾಲಿಯಾದ ಕೂಡಲೇ ಮೇಲೆ ಕರೆಯುತ್ತೇನೆ ಎಂದು ಲೈನಿನ ಸೂಪರ್‌ವೈಸರ್ ಮಾತು ಕೊಟ್ಟಿದ್ದರು. ಹೊಲಿಗೆ ಕಲಿತುಬಿಟ್ಟರೆ ಎಲ್ಲಿಗೆ ಹೋದರೂ ಅನ್ನ ಇದೆ ಎಂದು ಅವಳ ನಂಬಿಕೆ. ದಿನಾ ಮಧ್ಯಾಹ್ನ ಬುತ್ತಿ ಬಿಚ್ಚುವ ಮುಂಚೆ ಮಹಡಿಗೆ ಹೋಗಿ, ಯಾರದಾದರೂ ಖಾಲಿ ಮಿಷನ್ನಿನ ಮುಂದೆ ಕೂತು ಚಿಂದಿ ಬಟ್ಟೆಯ ಮೇಲೆ ಸಾಲು ಹಾಕಿ ಬರುತ್ತಿದ್ದಳು. ಆ ಸಾಲುಗಳು ನೆಟ್ಟಗಿದ್ದವು.

ಮೊದಲ ದಿನ ಅವಳಿಗೆ ಕೆಲಸ ತೋರಿಸಿದೆ.

"ನೋಡು ತಂಗಿ, ಡೈ ಇಡು, ಕೈ ತಗಿ. ಆಮ್ಯಾಲೆ ನೀ ಚಾಲು ಅಂದ್ರ ಸಾಕು, ಉಳಿದದ್ದು ನಾ ನೋಡ್ಕೋತೀನಿ."

ಅವಳು ನಕ್ಕುಬಿಟ್ಟಳು. "ನಮ್ಮತ್ತೆ ಮನೇಲೂ ಹಂಗೇ ಕಣಣ್ಣ, ಚಾಲು ಅಂದ್ರೆ ಸಾಕು."

"ಅಂದ್ರ?"

"ನಮ್ಮತ್ತೆ ಮನೆ ಮಾತು ತೆಲುಗಲ್ವಾ? ಉಣ್ಣಕ್ಕೆ ಇಕ್ಕುವಾಗ ಚಾಲು ಅಂದ್ರೆ ಸಾಕು ಅಂತ, ನಿಲ್ಸು ಅಂತ. ನಂಗೆ ಹನ್ನೆರಡು ವರ್ಷದಿಂದ ಅದೇ ಬಾಯಿಗೆ ಬಂದೈತೆ. ಬ್ಯಾರೆ ಏನಾರ ಮಾತು ಇಟ್ಕಳಾನ ಅಣ್ಣಾ. ಹೂಂ ಅಂತೀನಿ, ಆಗಲ್ವಾ?"

ನನಗೆ ತೆಲುಗು ಬಾರದೇ ಏನು? ನಮ್ಮ ಕಡೆ ಎರಡೂ ಮಾತು ಒಂದೇ ನಾಲಿಗೆಯ ಮೇಲಿರುತ್ತವೆ. ಸಂತೆಯಲ್ಲಿ, ಬಸ್ಸಿನಲ್ಲಿ ದಿನಕ್ಕೆ ಹತ್ತು ಸಲ ಆ 'ಚಾಲು'ವನ್ನೂ ಕೇಳುತ್ತೇನೆ, ಆಡುತ್ತೇನೆ. ಆದರೂ ನಾನು ಗೊತ್ತು ಮಾಡಿದ ಮಾತನ್ನು ನಿನ್ನೆ ಬಂದವಳು ಬದಲಾಯಿಸುವುದೇ ಎಂದು ಒಳಗೆ ಚುರುಕ್ಕೆಂದಿತು.

"ಹೂಂ ಅಂದ್ರ ಈ ಗದ್ದಲದಾಗ ಯಾರಿಗೆ ಕೇಳ್ತೈತಿ? ಇದು ನಿಮ್ಮತ್ತಿ ಮನಿ ಅಲ್ಲವ್ವ, ರಾಯದುರ್ಗ. ಇಲ್ಲಿ ಚಾಲು ಅಂದ್ರ ಚಾಲೂ."

ಸುತ್ತ ಇದ್ದವರು ನಕ್ಕರು. ಅವಳೂ ನಕ್ಕು, ಆಯ್ತಣ್ಣ ಎಂದಳು.

ಅವಳ ಕೈಗೆ ಚರ್ಮ ಒಲಿದಿತ್ತು ಎಂದು ಹೇಳಲೇಬೇಕು. ಎಮ್ಮೆಯ ಚರ್ಮ ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ಬೆನ್ನಿನ ಭಾಗ ಬಿಗಿ, ಹೊಟ್ಟೆಯ ಭಾಗ ಸಡಿಲ, ಕುತ್ತಿಗೆಯ ಹತ್ತಿರ ಸುಕ್ಕು. ಉಣ್ಣಿ ಹುಳ ಕಚ್ಚಿದ ಗುರುತು, ಮುಳ್ಳು ಗೀರಿದ ಗುರುತು ಬೇರೆ. ಹೊಟ್ಟೆಯ ಭಾಗದಲ್ಲಿ ಕತ್ತರಿಸಿದ ಪ್ಯಾಚು ಎರಡು ಸಲ ತೊಳೆಯುವುದರೊಳಗೆ ಎಳೆದುಕೊಂಡು ಸೊಟ್ಟಗಾಗುತ್ತದೆ. ಅವಳು ಅಂಗೈಯಿಂದ ಒಮ್ಮೆ ಸವರಿ, ಎರಡು ಬೆರಳಲ್ಲಿ ಹಿಡಿದು ಜಗ್ಗಿ, ಇಲ್ಲಿ ಬೇಡ, ಇಲ್ಲಿ ಇಡಬಹುದು ಎಂದು ತೀರ್ಮಾನಿಸುತ್ತಿದ್ದಳು. ಒಂದು ಡೈಯ ಗುರುತಿಗೆ ಇನ್ನೊಂದನ್ನು ಎಷ್ಟು ಒತ್ತಾಗಿ ಇಡುತ್ತಿದ್ದಳೆಂದರೆ, ಚರ್ಮ ಮುಗಿದಾಗ ಉಳಿಯುತ್ತಿದ್ದದ್ದು ಜಾಳಿಗೆಯಂಥ ಗೆರೆಗಳು ಮಾತ್ರ. ನನ್ನ ಹಳೆಯ ಜೊತೆಗಾರರಿಗೆ ಅದು ಆಗುತ್ತಿರಲಿಲ್ಲ. ಇದನ್ನು ನಾನು ಅವಳಿಗೆ ಒಂದು ದಿನವೂ ಹೇಳಲಿಲ್ಲ. ಹೊಗಳಿದರೆ ತಲೆ ತಿರುಗುತ್ತದೆ ಎಂದು ಆಗ ನನ್ನ ಬುದ್ಧಿವಂತಿಕೆ.

ಪ್ರೆಸ್ಸಿಗೆ ದಿನದ ಆರೈಕೆ ಬೇಕು. ಬೆಳಗ್ಗೆ ಚರ್ಮದ ಹುಡಿ ಒರೆಸಬೇಕು. ಕಂಬಗಳಿಗೆ ಎಣ್ಣೆಯ ಕೈ ಆಡಿಸಬೇಕು, ಇಲ್ಲದಿದ್ದರೆ ಪ್ಲೇಟು ಒಂದು ಕಡೆ ಹಿಡಿದುಕೊಂಡು ವಾಲುತ್ತದೆ. ಡೈಯ ಅಂಚಿಗೆ ಸಾಬೂನು ಉಜ್ಜಿದರೆ ಚರ್ಮ ಒಳಗೆ ಕಚ್ಚಿಕೊಳ್ಳುವುದಿಲ್ಲ. ಎಲ್ಲಕ್ಕಿಂತ ಮುಖ್ಯ ನೈಲಾನ್ ಹಲಗೆ. ಡೈ ದಿನಾ ಒಂದೇ ಜಾಗದಲ್ಲಿ ಕೂತರೆ ಅಲ್ಲಿ ತಗ್ಗಾಗುತ್ತದೆ. ಆದ್ದರಿಂದ ಹಲಗೆಯನ್ನು ಆಗಾಗ ತಿರುಗಿಸಬೇಕು, ಒಂದು ಮಗ್ಗುಲು ಸವೆದರೆ ಮಗುಚಿ ಹಾಕಬೇಕು. ನಮ್ಮದು ಬರುವಾಗಲೇ ಒಂದು ಮಗ್ಗುಲು ಸವೆದಿತ್ತು. ಇನ್ನೊಂದು ಮಗ್ಗುಲನ್ನು ನಾನೇ ಸವೆಸಿದೆ, ತಿರುಗಿಸಬೇಕಾದಾಗೆಲ್ಲ ನಾಳೆ ನೋಡೋಣ ಎಂದುಕೊಂಡೆ. ಹೊಸ ಹಲಗೆ ಕೇಳಿದರೆ ಸಾವ್ಕಾರರೂ ನೋಡೋಣ ಎಂದರು. ಇಬ್ಬರ ನೋಡೋಣ ಸೇರಿ ಹಲಗೆಯ ನಡುವೆ ಅಂಗೈಯಗಲದ ತಗ್ಗು ಬಿತ್ತು.

ತಗ್ಗಿನಿಂದಾಗಿ ಪ್ಯಾಚಿನ ಮೂಲೆಗಳು ಚರ್ಮದಿಂದ ಪೂರ್ತಿ ಬಿಡಿಸಿಕೊಳ್ಳಲಿಲ್ಲ. ಮೂರು ಮೂಲೆ ಕತ್ತರಿಸಿ ಒಂದರಲ್ಲಿ ನಾರು ಹಿಡಿದುಕೊಳ್ಳುತ್ತಿತ್ತು. ಇದಕ್ಕೆ ನಾನು ಕಂಡುಕೊಂಡ ಉಪಾಯ, ಡೈಯ ತಲೆಯ ಮೇಲೆ ಒಂದು ಮೂಲೆಗೆ ರಟ್ಟಿನ ಚೂರು ಇಡುವುದು. ಆಗ ಆ ಮೂಲೆಗೆ ಹೆಚ್ಚು ಒತ್ತಡ ಬೀಳುತ್ತದೆ, ನಾರೂ ತುಂಡಾಗುತ್ತದೆ. ಆದರೆ ತಗ್ಗಿನಲ್ಲಿ ಡೈ ವಾಲುತ್ತಿತ್ತು, ರಟ್ಟು ಜಾರುತ್ತಿತ್ತು. ಡೈ ಏರಿ ಮೇಲಿನ ಪ್ಲೇಟಿನ ಹತ್ತಿರ ಹೋಗುವವರೆಗೆ ಅವಳು ಎರಡು ಬೆರಳಲ್ಲಿ ರಟ್ಟನ್ನು ಹಿಡಿದಿರಬೇಕಾಯಿತು. ಕೈ ಇಡಲು ಸಂದು ಬೇಕು ಎಂದು ಪ್ಲೇಟುಗಳ ನಡುವಿನ ಅಂತರವನ್ನೂ ನಾನೇ ಹೆಚ್ಚಿಸಿದೆ. ಡೈಯ ತಲೆಗೂ ಮೇಲಿನ ಪ್ಲೇಟಿಗೂ ನಡುವೆ ಒಂದು ಬೆರಳೂ ತೂರದಷ್ಟೇ ಅಂತರ ಇರಬೇಕು ಎಂಬುದು ಪ್ರೆಸ್ಸಿನ ಮೊದಲ ಪಾಠ. ಪಾಠ ನನಗೆ ಗೊತ್ತಿತ್ತು.

ಆ ಹೊತ್ತಿಗೆ ಜಾಕೂ ಮೆತ್ತಗಾಗಿತ್ತು. ಎಣ್ಣೆ ಕಡಿಮೆಯಾಗಿ ಒಳಗೆ ಗಾಳಿ ಸೇರಿದರೆ ಹಿಡಿಕೆ ಮೆತ್ತಗೆ ಕುಸಿಯುತ್ತದೆ, ಒಂದು ಒತ್ತಿಗೆ ಪ್ಲೇಟು ಏರಬೇಕಾದಷ್ಟು ಏರುವುದಿಲ್ಲ. ನಾಲ್ಕು ಸಲ ಒತ್ತಿದರೆ ಡೈ ಮೇಲಿನ ಪ್ಲೇಟಿಗೆ ಮುಟ್ಟುತ್ತಿತ್ತು. ಇದು ನಮ್ಮಿಬ್ಬರಿಗೂ ಲಯವಾಗಿ ಹೋಗಿತ್ತು. ಒಂದು, ಎರಡು, ಮೂರು, ಅಷ್ಟರಲ್ಲಿ ಅವಳು ಬೆರಳು ತೆಗೆಯುವಳು. ನಾಲ್ಕನೆಯದಕ್ಕೆ ಪ್ಲೇಟು ರಟ್ಟನ್ನು ಹಿಡಿದುಕೊಳ್ಳುವುದು. ಅವಳು ಚಾಲು ಎನ್ನುವಳು, ನಾನು ಮೈಭಾರ ಹಾಕುವೆನು. ಪ್ಲೇಟು ಇಳಿಸುವ ಸ್ಪ್ರಿಂಗುಗಳಲ್ಲಿ ಒಂದು ಬಲ ಕಳೆದುಕೊಂಡಿತ್ತು, ಅದರ ಜಾಗದಲ್ಲಿ ನಾನು ಸೈಕಲ್ ಟ್ಯೂಬಿನ ಪಟ್ಟಿ ಬಿಗಿದಿದ್ದೆ. ಆದ್ದರಿಂದ ಪ್ಲೇಟು ಇಳಿಯುವುದೂ ನಿಧಾನ. ನಡೆಯುತ್ತಿದೆಯಲ್ಲ ಎಂದು ನಡೆಸಿದೆವು.

ಒಂದು ಸಂಜೆ ಸೂಪರ್‌ವೈಸರ್ ಕೈಯಲ್ಲಿ ನಾರು ಎದ್ದ ಪ್ಯಾಚುಗಳನ್ನು ಹಿಡಿದು ಕೆಳಗೆ ಬಂದರು. ಇದೇನು ಕತ್ತರಿಸಿದ್ದೋ ಇಲಿ ಕಚ್ಚಿದ್ದೋ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಮರಾಪುರದವಳು ಅಂದಳು.

"ಮಿಷನ್ನು ಸುಸ್ತಾಗೈತೆ ಸಾರ್. ಎಷ್ಟು ಒತ್ತಿದ್ರೂ ಮೇಲಕ್ಕೇಳಲ್ಲ."

"ಮಿಷನ್ ಸುಸ್ತಾಗೇತೋ, ಒತ್ತೋರು ಸುಸ್ತಾಗ್ಯಾರೋ?" ಎಂದು ಕಟಿಂಗ್ ಮೇಜಿನ ಕಡೆಯಿಂದ ಯಾರೋ ಅಂದರು. ಕೆಳಗಿದ್ದವರೆಲ್ಲ ಗೊಳ್ಳೆಂದರು. ಅವಳೂ ಸೆರಗು ಬಾಯಿಗಿಟ್ಟು ನಕ್ಕಳು. ಅವಳ ಮನಸ್ಸಿನಲ್ಲಿ ಏನೂ ಇರಲಿಲ್ಲ, ಇವತ್ತು ನನಗದು ಚೆನ್ನಾಗಿ ಗೊತ್ತು. ಅವತ್ತು ಮಾತ್ರ ಕಿವಿ ಬಿಸಿಯಾಯಿತು. ನಲವತ್ತು ದಾಟಿದ ಗಂಡಸಿಗೆ ಸುಸ್ತು ಎಂಬ ಮಾತು ಎಲ್ಲಿ ಹೋಗಿ ನಾಟುತ್ತದೋ ಅಲ್ಲೇ ನಾಟಿತು.

ಮರುದಿನ ಬಾಗಿಲು ತೆರೆಯುವ ಹೊತ್ತಿಗೇ ಹೋದೆ. ಜಾಕನ್ನು ಹೊರಗೆಳೆದು ನೆಟ್ಟಗೆ ನಿಲ್ಲಿಸಿದೆ. ವಾಲ್ವ್ ಬಿಚ್ಚಿ, ಮೇಲಿನ ರಬ್ಬರ್ ಬಿರಡೆ ತೆಗೆದು ನೋಡಿದರೆ ಎಣ್ಣೆ ಎಲ್ಲೋ ತಳದಲ್ಲಿ. ಇದಕ್ಕೆ ಬ್ರೇಕ್ ಆಯಿಲ್ ಹಾಕುವ ಬುದ್ಧಿವಂತರಿದ್ದಾರೆ, ಹಾಕಿದರೆ ಒಳಗಿನ ರಬ್ಬರು ಉಬ್ಬಿ ಜಾಕೇ ಹಾಳು. ನಾನು ಹಿಂದಿನ ಸಂಜೆಯೇ ಜಾಕಿನ ಎಣ್ಣೆ ತಂದಿಟ್ಟಿದ್ದೆ. ತೂತಿನ ಬಾಯಿಯವರೆಗೆ ತುಂಬಿಸಿ, ವಾಲ್ವ್ ತೆರೆದೇ ಇಟ್ಟು ಹಿಡಿಕೆಯನ್ನು ಬಡಬಡನೆ ಆಡಿಸಿದೆ. ಬುಳುಬುಳು ಎಂದು ಗಾಳಿ ಹೊರಟಿತು. ಮತ್ತೆ ತುಂಬಿಸಿದೆ, ಮತ್ತೆ ಆಡಿಸಿದೆ. ಗುಳ್ಳೆ ನಿಂತ ಮೇಲೆ ಬಿರಡೆ ಹಾಕಿ, ವಾಲ್ವ್ ಬಿಗಿದು, ಪ್ರೆಸ್ಸಿನ ಕೆಳಗೆ ಕೂರಿಸಿ ಒತ್ತಿ ನೋಡಿದೆ. ಹಿಡಿಕೆ ಕಲ್ಲಿನಂತೆ ಗಟ್ಟಿ. ಎರಡೇ ಸಲ ಒತ್ತಿದ್ದಕ್ಕೆ ಡೈ ಹೋಗಿ ಮೇಲಿನ ಪ್ಲೇಟಿಗೆ ಮುಟ್ಟಿತು. ಒಬ್ಬನೇ ನಿಂತು ನಕ್ಕೆ. ಸ್ಪ್ರಿಂಗು ನೆನಪಾಯಿತು, ಮುಂದಿನ ವಾರ ಬಳ್ಳಾರಿಗೆ ಹೋದಾಗ ತಂದರಾಯಿತು ಎಂದುಕೊಂಡೆ. ಹಲಗೆ ನೆನಪಾಯಿತು. ಅದಕ್ಕೆ ಆ ದಿನವೂ ನಾಳೆಯೇ ಗತಿಯಾಯಿತು.

ಅವಳು ಬಂದಳು. ಕೂತಳು, ಚರ್ಮ ಸವರಿದಳು, ಡೈ ಇಟ್ಟಳು, ರಟ್ಟು ಇಟ್ಟು ಬೆರಳಲ್ಲಿ ಹಿಡಿದಳು. ತಂಗಿ, ಜಾಕ್ ಸರಿಮಾಡೀನಿ, ಇನ್ನ ಎರಡಕ್ಕ ಮುಟ್ಟತೈತಿ ಎಂದು ಒಂದು ಮಾತು ಹೇಳುವುದಕ್ಕೆ ಎಷ್ಟು ಹೊತ್ತು ಬೇಕು? ಹೇಳಲಿಲ್ಲ. ಬೇಕೆಂದೇ ಹೇಳಲಿಲ್ಲ. ನಿನ್ನೆ ಸುಸ್ತು ಎಂದವಳ ಮುಖ ಇವತ್ತು ಹೇಗಾಗುತ್ತದೆ ನೋಡಬೇಕು ಎಂಬ ಆಸೆ. ಕಂಬದ ಸಂದಿನಿಂದ ಅವಳ ಮುಖವನ್ನೇ ನೋಡುತ್ತ ಒಂದು ಸಲ ಒತ್ತಿದೆ. ಎರಡನೆಯ ಸಲ ಒತ್ತಿದೆ.

ಅವಳ ಕಣ್ಣು ಅಗಲವಾದವು. ಬೆರಗಾದಳು ಎಂದುಕೊಂಡೆ. ನನ್ನ ಮುಖದಲ್ಲಿ ನಗು ಬಂದಿತ್ತು.

"ಚಾಲು! ಚಾಲು! ಚಾಲು!" ಎಂದಳು.

ನಾನು ಮೈಭಾರ ಹಾಕಿ ಒತ್ತಿದೆ.

ಆ ಮಾತು ಯಾವ 'ಚಾಲು' ಎಂದು ತಿಳಿಯಲಿಲ್ಲ ಎಂದರೆ ಅರ್ಧ ಸುಳ್ಳು. ದಿನಾ ಅವಳು ಒಂದೇ ಸಲ, ಬೇಸರದಲ್ಲಿ ಎಂಬಂತೆ, ಚಾಲೂ ಎಂದು ಎಳೆದು ಹೇಳುತ್ತಿದ್ದಳು. ಇದು ಮೂರು ಸಲ, ಕತ್ತರಿಸಿದಂತೆ ಗಿಡ್ಡವಾಗಿ ಬಂತು. ಸಂತೆಯಲ್ಲಿ ಅಳತೆ ಮೀರಿದಾಗ ಕೂಗುವಂಥದೇ ಮಾತು. ಕಿವಿಗೆ ವ್ಯತ್ಯಾಸ ತಿಳಿಯಿತು. ಆದರೆ ನಗುತ್ತಿದ್ದ ಮನುಷ್ಯನ ತೋಳಿಗೆ ಕಿವಿಯ ಸುದ್ದಿ ಮುಟ್ಟುವಷ್ಟರಲ್ಲಿ ಹಿಡಿಕೆ ಕೆಳಗೆ ಹೋಗಿತ್ತು. ಟಕ್ಕೆಂಬ ಸದ್ದು ಬರಲಿಲ್ಲ. ಅವಳು ಕಿರುಚಿದಳು.

ವಾಲ್ವ್ ಸಡಿಲಿಸಲು ಬಗ್ಗಿದೆ. ಹಿಡಿಕೆ ಕಿತ್ತು ಅದರ ತುದಿಯಿಂದಲೇ ವಾಲ್ವ್ ತಿರುಗಿಸಬೇಕು, ಅವಸರಕ್ಕೆ ಅದು ಕೂರಲಿಲ್ಲ. ಕೂತ ಮೇಲೆ ತಿರುಗಿಸಿದೆ. ಪ್ಲೇಟು ಇಳಿಯಲಿಲ್ಲ. ಒಂದು ಕಡೆಯ ಸ್ಪ್ರಿಂಗು ಎಳೆಯಿತು, ಸೈಕಲ್ ಟ್ಯೂಬಿನ ಕಡೆ ಹಾಗೇ ನಿಂತಿತು, ಪ್ಲೇಟು ವಾಲಿ ಕಂಬಕ್ಕೆ ಕಚ್ಚಿಕೊಂಡಿತು. ಎರಡೂ ಕೈ ಊರಿ ಮೈಯೆಲ್ಲ ಹಾಕಿ ತಳ್ಳಿದ ಮೇಲೆ ಇಳಿಯಿತು. ಆ ಹೊತ್ತನ್ನು ನಾನು ಎಣಿಸಲಿಲ್ಲ, ಅವಳು ಎಣಿಸಿರಬಹುದು.

ಬಲಗೈಯ ತೋರುಬೆರಳು, ನಡುಬೆರಳು. ಬಳ್ಳಾರಿಯ ಆಸ್ಪತ್ರೆಯಲ್ಲಿ ಎರಡರದ್ದೂ ಮೇಲಿನ ಗೆಣ್ಣು ತೆಗೆದರು.

ಆ ಮಧ್ಯಾಹ್ನ ಸಾವ್ಕಾರರು ಪ್ರೆಸ್ಸಿನ ಮುಂದೆ ನಿಂತು ಕೇಳಿದರು. ಹಣೆಯ ವಿಭೂತಿ ಬೆವರಿಗೆ ಕದಡಿತ್ತು, ಅವರೂ ಹೆದರಿದ್ದರು.

"ಏನಾತಪಾ? ನೀ ಏನ್ ಮಾಡಿದಿ, ಆಕಿ ಏನಂದ್ಲು?"

"ಆಕಿ ಚಾಲು ಅಂದ್ಲು ಸಾವ್ಕಾರ್ರ. ನಾ ಒತ್ತಿದೆ."

"ಚಾಲು ಅಂದದ್ದು ಖರೇ ಏನು?" ಎಂದು ಕಟಿಂಗ್ ಮೇಜಿನವರ ಕಡೆ ತಿರುಗಿದರು.

"ಹೌದ್ರಿ, ನಾವೂ ಕೇಳೀವಿ. ಮೂರ್ ಸಲ ಅಂದ್ಲು."

"ಹಂಗಾರ ಇವನ ತಪ್ಪೇನೈತಿ? ಕೈ ಒಳಗಿಟ್ಕೊಂಡು ಚಾಲು ಅಂದ್ರ ಯಾರೇನ್ ಮಾಡ್ಲಿಕ್ಕ ಆಗ್ತೈತಿ."

ನಾನು ಹೇಳಿದ ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಹೆದರಿಕೆಯಲ್ಲಿ ಯೋಚನೆ ಓಡುತ್ತಿರಲಿಲ್ಲ ಎಂದು ಆ ಮೊದಲ ಸಲಕ್ಕೆ ನನ್ನನ್ನು ನಾನು ಬೇಕಾದರೆ ಬಿಟ್ಟುಬಿಡಬಹುದು. ಎರಡನೆಯ ಸಲಕ್ಕೆ ಆ ನೆಪ ಇಲ್ಲ.

ಕೆಲವು ವಾರಗಳ ಮೇಲೆ ಅವಳು ಕೈಗೆ ಬಟ್ಟೆ ಸುತ್ತಿಕೊಂಡು ಘಟಕಕ್ಕೆ ಬಂದಳು. ಸೂಪರ್‌ವೈಸರ್ ಕೆಳಗೇ ಇದ್ದರು. ಅವರ ಮುಂದೆ ನಿಂತು, ಮೇಲೊಂದು ಮಿಷನ್ ಖಾಲಿಯಾಗಿದೆಯಂತೆ, ಕೂತು ನೋಡುತ್ತೇನೆ ಎಂದು ಕೇಳಿದಳು. ಉಳಿದ ಬೆರಳಲ್ಲಿ ಬಟ್ಟೆ ನಡೆಸಬಲ್ಲೆ, ಕೋಣೆಯಲ್ಲಿ ಅಭ್ಯಾಸ ಮಾಡಿದ್ದೇನೆ ಎಂದಳು. ಅವರು ತಲೆಯಾಡಿಸಿದರು. ಗ್ಯಾನ ಇಲ್ಲದವರನ್ನು ಮಿಷನ್ ಹತ್ತಿರ ಕೂರಿಸಬೇಡ ಎಂದು ಸಾವ್ಕಾರರ ಅಪ್ಪಣೆಯಾಗಿದೆ ಎಂದರು.

"ಗ್ಯಾನ ಇತ್ತು ಸಾರ್. ನಾಲ್ಕಕ್ಕೆ ಮುಟ್ಟದು ಎಲ್ಡಕ್ಕೇ ಮುಟ್ತು. ಸಾಕು ಅಂತಾನೇ ನಾನು ಚಾಲು ಅಂದಿದ್ದು. ಅಣ್ಣನ್ನ ಕೇಳಿ, ಅಣ್ಣಂಗೆ ಗೊತ್ತು."

ಇಬ್ಬರೂ ನನ್ನ ಕಡೆ ನೋಡಿದರು. ನಾನು ಕಂಬಕ್ಕೆ ಎಣ್ಣೆ ಸವರುತ್ತಿದ್ದೆ. ಹೌದು, ಜಾಕ್ ಸರಿಮಾಡಿದ್ದು ನಾನು, ಹೇಳದೆ ಇದ್ದವನು ನಾನು, ಅವಳು ಬೇರೆ ಮಾತು ಇಟ್ಟುಕೊಳ್ಳೋಣ ಎಂದು ಮೊದಲ ದಿನವೇ ಕೇಳಿದ್ದಳು ಎನ್ನಬೇಕಿತ್ತು. ಹಾಗೆಂದರೆ ಹಲಗೆಯ ಮಾತು ಬರುತ್ತದೆ, ಸ್ಪ್ರಿಂಗಿನ ಮಾತು ಬರುತ್ತದೆ, ಅಂತರ ಹೆಚ್ಚಿಸಿದವನು ಯಾರು ಎಂಬುದು ಬರುತ್ತದೆ. ಕೆಲಸ ಹೋಗುತ್ತದೆ ಎಂಬ ಭಯ ಇತ್ತು. ಅದಕ್ಕಿಂತ ಹೆಚ್ಚಾಗಿ, ಮಿಷನ್ ಬಲ್ಲವನು ಎಂಬ ನನ್ನ ಹೆಸರು ಹೋಗುತ್ತದೆ ಎಂಬ ಭಯ.

"ಆಕಿ ಚಾಲು ಅಂದದ್ದಂತೂ ಖರೇರಿ" ಎಂದು ಕಂಬಕ್ಕೆ ಹೇಳಿದೆ.

ಅವಳು ಬತ್ತೀನಣ್ಣ ಎಂದು ನನಗೇ ಹೇಳಿ ಹೋದಳು. ಆ ವಾರವೇ ರಾಯದುರ್ಗದ ಕೋಣೆ ಬಿಟ್ಟಳೆಂದು ಅವಳ ಊರಿನವರು ಹೇಳಿದರು.

ಅವಳು ಹೋದ ಮೇಲೆ ಬೇಕಾದದ್ದೆಲ್ಲ ಬಂತು. ಹೊಸ ನೈಲಾನ್ ಹಲಗೆ ಬಂತು. ಸ್ಪ್ರಿಂಗು ಬಂತು. ಪ್ಲೇಟುಗಳ ಅಂತರವನ್ನು ಒಂದು ಬೆರಳೂ ತೂರದಂತೆ ಇಳಿಸಿದೆ. ರಟ್ಟಿನ ಸಹವಾಸ ಬಿಟ್ಟೆ. ಹಲಗೆಯನ್ನು ದಿನಾ ಬೆಳಗ್ಗೆ ಕಾಲು ಸುತ್ತು ತಿರುಗಿಸುವ ನೇಮ ಹಿಡಿದೆ. ಜೊತೆಗೆ ಯಾರನ್ನೂ ಬೇಡ ಎಂದೆ. ನಾನೇ ಡೈ ಇಟ್ಟು, ನಾನೇ ಎದ್ದು ಬಂದು ಒತ್ತುತ್ತಿದ್ದೆ. ಕೆಲಸ ಅರ್ಧಕ್ಕಿಳಿಯಿತು, ಸಾವ್ಕಾರರು ಗೊಣಗಿದರು, ನಾನು ಜಗ್ಗಲಿಲ್ಲ. ನಾರು ಎದ್ದ ಒಂದೇ ಒಂದು ಪ್ಯಾಚೂ ಆಮೇಲೆ ನನ್ನ ಕೈಯಿಂದ ಹೊರಟಿಲ್ಲ. ಪ್ರೆಸ್ ಹಾಗೆ ಚೆನ್ನಾಗಿ ನಡೆದಷ್ಟೂ ನನಗೆ ಒಳಗೊಳಗೇ ನಾಚಿಕೆಯಾಗುತ್ತಿತ್ತು.

ಎರಡು ವರ್ಷದ ಮೇಲೆ ಅಚ್ಚು ಹಾಕಿದ ರೆಕ್ಸಿನ್ ಪ್ಯಾಚುಗಳು ಕಟ್ಟುಕಟ್ಟಾಗಿ ಬರತೊಡಗಿದವು. ಚರ್ಮ ಯಾರಿಗೂ ಬೇಡವಾಯಿತು. ಪ್ರೆಸ್ಸನ್ನು ಗುಜರಿಗೆ ಹಾಕಿದರು. ಅದನ್ನು ಬಿಚ್ಚಿ ಆಟೊಗೆ ಏರಿಸಿಕೊಟ್ಟವನೂ ನಾನೇ. ಮನೆಗೆ ಬಂದು ಕೈ ತೊಳೆದುಕೊಳ್ಳುವಾಗ, ಇನ್ನು ಎಣ್ಣೆ ಹಾಕುವ ನೆಪವೂ ಇಲ್ಲವಲ್ಲ ಎನ್ನಿಸಿತು. ಮರುದಿನ ಬಸ್ಸು ಹತ್ತಿದೆ. ಮಡಕಶಿರಾದಲ್ಲಿ ಬಸ್ಸು ಬದಲಿಸಿ ಅಮರಾಪುರದಲ್ಲಿ ಇಳಿದು, ಜೀನ್ಸ್ ಕೆಲಸಕ್ಕೆ ಹೋಗಿದ್ದ, ಬೆರಳಿಲ್ಲದ ಹೆಂಗಸಿನ ಮನೆ ಯಾವುದು ಎಂದು ಕೇಳಿದೆ. ಹಾಗೆ ಕೇಳಬೇಕಾಯಿತು, ಏಕೆಂದರೆ ಅವಳ ಹೆಸರನ್ನು ನಾನು ಯಾವತ್ತೂ ಕೇಳಿರಲಿಲ್ಲ. ಆ ಗುರುತಿಗೇ ಮನೆ ತೋರಿಸಿದರು.

ಅವಳು ಪಡಸಾಲೆಯಲ್ಲಿ ಕೂತು ರೇಷ್ಮೆ ಹುಳುವಿಗೆ ಸೊಪ್ಪು ಕತ್ತರಿಸುತ್ತಿದ್ದಳು. ಮಚ್ಚು ಎಡಗೈಯಲ್ಲಿತ್ತು. ನನ್ನನ್ನು ಕಂಡು ಎದ್ದು, "ಬನ್ನಿ ಅಣ್ಣಾ, ಏನ್ ಇಷ್ಟು ದೂರ" ಎಂದು ಚಾಪೆ ಹಾಸಿದಳು. ಅತ್ತೆ ಒಳಗಿನಿಂದ ಬಂದು ನೋಡಿ, ಮಜ್ಜಿಗೆ ತರಲು ಹೋದರು. ಅವರಿಗೆ ನಾನು ಯಾರೆಂದು ಗೊತ್ತಿರಲಿಲ್ಲ.

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳನ್ನೆಲ್ಲ ಬಿಟ್ಟು ನೇರವಾಗಿ ಹೇಳಿದೆ. "ತಂಗಿ, ಅವತ್ತು ಸೂಪರ್‌ವೈಸರ್ ಮುಂದ ನಾ ಖರೇ ಹೇಳ್ಳಿಲ್ಲ. ನಿನ್ನ ತಪ್ಪಿರ್ಲಿಲ್ಲ. ನಂಗ ಗೊತ್ತಿತ್ತು."

"ಗೊತ್ತಿತ್ತು ಅಂತ ನಂಗೂ ಗೊತ್ತಿತ್ತು ಬಿಡಣ್ಣ" ಎಂದಳು. ಸೊಪ್ಪಿನ ಕಂತೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಬಲಗೈಯ ಹೆಬ್ಬೆರಳು, ಉಂಗುರದ ಬೆರಳಿನ ನಡುವೆ ಕಡ್ಡಿ ಹಿಡಿಯುವುದನ್ನು ಕಲಿತಿದ್ದಳು. "ಹೊಟ್ಟೆಪಾಡು, ಏನ್ ಮಾಡೀರ. ಒಂದು ಮಾತ್ರ ನಂಗೆ ತಿಳೀಲೇ ಇಲ್ಲ ಕಣಣ್ಣ. ಕೇಳಾನ ಕೇಳಾನ ಅಂತ ಎಲ್ಡು ವರ್ಷ ಆಯ್ತು."

"ಕೇಳವ್ವ."

"ನೀವು ನಗ್ತಿದ್ರಿ. ನನ್ನ ಬೆರಳು ಸಿಕ್ಕಾಕ್ಕಂಡು ನಾನು ಚಾಲು ಚಾಲು ಅಂತಿದ್ರೆ, ನೀವು ನನ್ನ ಮುಖ ನೋಡಿ ನಗ್ತಿದ್ರಿ. ಯಾಕಣ್ಣ? ನಾನೇನ್ ಮಾಡಿದ್ದೆ ನಿಮಗೆ?"

ಅವಳ ಬೆರಳಿಗೂ ಕೆಲಸಕ್ಕೂ ನನ್ನ ಹತ್ತಿರ ಒಂದು ಕ್ಷಮೆಯ ಮಾತು ಇತ್ತು. ಈ ನಗುವನ್ನು ಅವಳು ಕಂಡಿದ್ದಳೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಎರಡು ವರ್ಷ ಅವಳು ಅದನ್ನು ಹೊತ್ತುಕೊಂಡಿದ್ದಳು. ನಾನು ಎಲ್ಲ ಹೇಳಿದೆ. ಸುಸ್ತು ಎಂದದ್ದಕ್ಕೆ ಸಿಟ್ಟು ಬಂದದ್ದು, ಬೆಳಗ್ಗೆ ಬೇಗ ಬಂದು ಗಾಳಿ ತೆಗೆದದ್ದು, ಎರಡಕ್ಕೆ ಮುಟ್ಟುವಂತೆ ಮಾಡಿದ್ದು, ಅವಳು ಬೆರಗಾಗುವುದನ್ನು ನೋಡಲು ಕಾದದ್ದು. ಕಣ್ಣು ಅಗಲವಾದಾಗ ಬೆರಗೆಂದೇ ತಿಳಿದದ್ದು.

ಅವಳು ಮಚ್ಚು ಕೆಳಗಿಟ್ಟು ಕೇಳಿದಳು. ಮುಗಿದ ಮೇಲೆ ಚೆದುರಿದ ಸೊಪ್ಪನ್ನು ಒಂದೆಡೆ ಕೂಡಿಸಿದಳು.

"ಮಿಷನ್ ಸರಿಮಾಡಿದೀನಿ ಅಂತ ಒಂದ್ ಮಾತು ಹೇಳಿದ್ರೆ ಆಗ್ತಿತ್ತಲ್ಲ ಅಣ್ಣಾ" ಎಂದಳು. "ನಾನು ಎಷ್ಟು ಖುಷಿ ಪಡ್ತಿದ್ದೆ."

ಅಷ್ಟರಲ್ಲಿ ಅತ್ತೆ ಚೊಂಬು ಹಿಡಿದು ಬಂದರು. ನನ್ನ ಮುಂದೆ ದೊಡ್ಡ ಲೋಟವಿಟ್ಟು ಮಜ್ಜಿಗೆ ಹುಯ್ಯತೊಡಗಿದರು. ಲೋಟ ಅರ್ಧವಾಯಿತು, ಮುಕ್ಕಾಲಾಯಿತು. ಹುಯ್ಯುತ್ತಲೇ ಅವರು ತೆಲುಗಿನಲ್ಲಿ, "ಚಾಲಾ ನಾಯನಾ?" ಎಂದು ಕೇಳಿದರು. ಸಾಕೇನಪ್ಪ ಎಂದು ಕೇಳಿದ್ದು ಅಷ್ಟೇ. ಉತ್ತರವಾಗಿ ಒಂದು ಮಾತು ಅನ್ನಬೇಕಿತ್ತು. ಬಾಯಿ ತೆರೆದೆ, ಆ ಮಾತು ಹೊರಡಲಿಲ್ಲ. ಮಜ್ಜಿಗೆ ಲೋಟದ ಅಂಚಿಗೆ ಬಂದಿತ್ತು.

"ಚಾಲು ಅತ್ತಾ" ಎಂದಳು ಅವಳು, ಮೆಲ್ಲಗೆ, ಒಂದೇ ಸಲ.

ಅತ್ತೆಯ ಕೈ ಅಲ್ಲೇ ನಿಂತಿತು.